ಕಾಲ್ಬೆರಳಿಗೆ ಸುತ್ತಿದ ದಾರ

ನಿಪ್ಪಾಣಿ ಬಸ್‌ಸ್ಟ್ಯಾಂಡಿನಿಂದ ಸಮುದ್ರದವರೆಗೂ ನನ್ನ ತೊಡೆಯ ಮೇಲೆ ಒಂದು ಡಬ್ಬಿ ಇತ್ತು. ಹಾಲಿನ ಪುಡಿಯ ಹಳೆಯ ಡಬ್ಬಿ. ಮುಚ್ಚಳಕ್ಕೆ ನಾನೇ ಮೊಳೆ ಬಡಿದು ತೂತು ಮಾಡಿದ್ದೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ಒಮ್ಮೆ ಕೇಳಿದರು, "ಅದರಾಗ ಏನೈತಿ?" ಉಪ್ಪಿನಕಾಯಿ ಅಂದೆ. ತೂತು ಮಾಡಿದ ಡಬ್ಬಿಯಲ್ಲಿ ಯಾವ ಹುಚ್ಚಿ ಉಪ್ಪಿನಕಾಯಿ ಒಯ್ಯುತ್ತಾಳೆ ಎಂದು ಕೇಳುವ ಗೋಜಿಗೆ ಅವರು ಹೋಗಲಿಲ್ಲ. ತಂಬಾಕಿನ ಗೋದಾಮಿನಲ್ಲಿ ದಿನವಿಡೀ ಸೀನುವ ಮನುಷ್ಯ, ಬಸ್ಸು ಹತ್ತಿದ ಕೂಡಲೇ ನಿದ್ದೆ ಹೋಗುತ್ತಾರೆ. ಡಬ್ಬಿಯಲ್ಲಿದ್ದದ್ದು ಎರೆಹುಳ. ರಾಯಬಾಗ ತಾಲ್ಲೂಕಿನ ನನ್ನ ತವರಿನ ಕಬ್ಬಿನ ಹೊಲದಿಂದ, ಹಸಿ ಮಣ್ಣಿನ ಸಮೇತ ಅಗೆದು ತಂದ ಒಂದು ಬೊಗಸೆ ಎರೆಹುಳ.

ಮುಂದಿನ ಸೀಟಿನಲ್ಲಿ ಕಿಟಕಿಗೆ ಒರಗಿ ಅಣ್ಣ ಕೂತಿದ್ದ. ಬಲಗೈ ಎಂದಿನಂತೆ ಟಾವೆಲಿನೊಳಗೆ. ಆ ಕೈಗೆ ಹೆಬ್ಬೆರಳೊಂದೇ ಉಳಿದಿದೆ. ಮಿಕ್ಕ ನಾಲ್ಕು ಬೆರಳು ನಮ್ಮದೇ ಗಾಣದಲ್ಲಿ ಹೋದವು. ನನ್ನಿಂದ ಹೋದವು. ಇದನ್ನು ಇಷ್ಟು ಸೀದಾ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಹನ್ನೊಂದು ವರ್ಷ, ಅವನಿಗೆ ಹತ್ತೊಂಬತ್ತು. ನಮ್ಮ ಮನೆಯಿಂದ ಕೃಷ್ಣಾ ಹೊಳೆ ಕೂಗಳತೆಯ ದೂರ. ಅಣ್ಣನಿಗೆ ಹೊಳೆ ಅಂದರೆ ಜೀವ. ಬಿದಿರಿನ ಕೋಲು, ಹಾರೂಗೇರಿ ಪೇಟೆಯಿಂದ ತಂದ ಗಾಳ, ತಂಗೂಸಿನ ದಾರ, ಇಷ್ಟಿದ್ದರೆ ಊಟ ಬೇಡ. ಹುಳ ಅಗೆದು ಕೊಡುವುದು ನನ್ನ ಕೆಲಸ. ಬದಲಿಗೆ ಅವನು ನನಗೆ ಹೊಳೆಯ ವಿದ್ಯೆ ಕಲಿಸುತ್ತಿದ್ದ. "ಬಲಿಗಿ ಬಿದ್ದ ಮೀನಿನ ಹುರುಪಿ ಕಿತ್ತಿರತೈತಿ. ಗಾಳಕ್ಕ ಬಿದ್ದಿದ್ದರ ತುಟಿ ಹರದಿರತೈತಿ. ಪ್ಯಾಟ್ಯಾಗ ಮೀನ ತಗೋಬೇಕಾದ್ರ ಮೊದಲ ತುಟಿ ಎತ್ತಿ ನೋಡಬೇಕ, ತಂಗಿ." ಸಂತೆಯಲ್ಲಿ ನಾನು ಮೀನಿನ ತುಟಿ ಎತ್ತಿ ನೋಡಿದರೆ ಮಾರುವವರು ಬೈಯುತ್ತಿದ್ದರು.

ಆ ಸುಗ್ಗಿಯಲ್ಲಿ ಬೆಲ್ಲದ ಗಾಣ ಹಗಲೂ ರಾತ್ರಿ ನಡೆದಿತ್ತು. ಇಂಜಿನ್ನಿಗೆ ಪಟ್ಟಾ ಹಾಕಿ ತಿರುಗಿಸುವ ಗಾಣ, ಎರಡು ಉರುಳೆಗಳ ನಡುವೆ ಕೈಯಿಂದಲೇ ಕಬ್ಬು ಕೊಡಬೇಕು. ಕಬ್ಬು ಕೊಡುವ ಪಾಳಿ ಅಣ್ಣನದು. ಕೆಲಸಕ್ಕೆ ಹೋಗುವ ಮುಂಚೆ ಅವನು ಹೊಳೆಯ ದಂಡೆಗೆ ಕೋಲು ನೆಟ್ಟು ಗಾಳ ಬಿಟ್ಟು ಹೋಗಿದ್ದ, ನೋಡಿಕೊಂಡು ಬಾ ಎಂದು ನನಗೆ ಹೇಳಿದ್ದ. ಬೆಳಿಗ್ಗೆ ಹೋಗಿ ನೋಡುತ್ತೇನೆ, ನನ್ನ ತೋಳಿನುದ್ದದ ಬಾಳೆಮೀನು. ಲಂಗದಲ್ಲಿ ಸುತ್ತಿಕೊಂಡು ಗಾಣದವರೆಗೆ ಒಂದೇ ಉಸಿರಿಗೆ ಓಡಿದೆ. ಅವನ ಬೆನ್ನು ಕಂಡ ಕೂಡಲೇ ಕೂಗಿದೆ, "ಅಣ್ಣಾ, ಬಿತ್ತು." ಅವನು ತಿರುಗಿದ. ಕಬ್ಬಿನ ಜೊತೆ ಕೈಯೂ ಒಳಗೆ ಹೋಯಿತು.

ಯಾರೋ ಪಟ್ಟಾ ಕಿತ್ತರು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಮಿರಜಿನ ದವಾಖಾನೆಗೆ ಓಡಿಸಿದರು. ಆ ಗದ್ದಲದಲ್ಲಿ ನನ್ನ ಕಡೆ ಯಾರೂ ನೋಡಲಿಲ್ಲ. ನಾನು ಹಿಂದೆ ಹೋಗಿ ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ಮೀನನ್ನು ಹೂತುಬಿಟ್ಟೆ. ಆಮೇಲೆ ಕೇಳಿದವರಿಗೆಲ್ಲ ಅಣ್ಣ ಒಂದೇ ಮಾತು ಹೇಳಿದ: "ರಾತ್ರೆಲ್ಲಾ ನಿದ್ದಿ ಇರಲಿಲ್ಲ, ಜೋಂಪ ಹತ್ತಿತ್ತು." ಇಂಜಿನ್ ಸಪ್ಪಳದಲ್ಲಿ ಅವನಿಗೆ ನನ್ನ ಕೂಗು ಕೇಳಿಸಿತ್ತೋ ಇಲ್ಲವೋ, ಅವನು ನಿಜವಾಗಿ ತಿರುಗಿದ್ದು ನನ್ನ ಕಡೆಗೋ ಅಥವಾ ತೂಕಡಿಸಿ ವಾಲಿದ್ದೋ, ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನದು ಒಂದೇ ಕೂಗು, ಅದು ಹೋಗಲೇ ಇಲ್ಲ, ಕಿವಿಯಲ್ಲೇ ಉಳಿಯಿತು.

ಅಣ್ಣ ಎಲ್ಲವನ್ನೂ ಮತ್ತೆ ಕಲಿತ. ಎಡಗೈಯಲ್ಲಿ ಸಹಿ ಮಾಡಿದ, ಕುಡುಗೋಲು ಹಿಡಿದ, ಬುಲೆಟ್ ಗಾಡಿ ಕೂಡ ಓಡಿಸಿದ. ಗಾಳ ಮಾತ್ರ ಮುಟ್ಟಲಿಲ್ಲ. ಕೋಲುಗಳನ್ನು ಅವ್ವ ಅವರೆ ಬಳ್ಳಿಗೆ ಆಸರೆಯಾಗಿ ಕೊಟ್ಟಳು. ನಾನು ಮಾತ್ರ ಅಂದಿನಿಂದ ಕುಂತಲ್ಲಿ ಕೂರದವಳು, ನಿಂತಲ್ಲಿ ನಿಲ್ಲದವಳು ಆದೆ. ಮುಂದೆ ಸಾಲಿಯಲ್ಲಿ ಬಾಯಾರಾಗಿ ಪಾಠ ಹೇಳುವಾಗಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. "ಬಾಯಾರ ಕಾಲಾಗ ಚಕ್ರ ಐತಿ" ಎಂದು ಮಕ್ಕಳು ಆಡಿಕೊಳ್ಳುತ್ತಿದ್ದದ್ದು ನನಗೆ ಗೊತ್ತಿತ್ತು. ಮದುವೆಯಾಗಿ ನಿಪ್ಪಾಣಿಗೆ ಬಂದ ಮೇಲೂ ಅದೇ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ತಿಂಗಳಿಗೆ ಎರಡು ಸಲ ತವರಿಗೆ ಹೋಗಿ, ಅವನ ಕೈ ನೋಡಿ ಬರುತ್ತಿದ್ದೆ. ಅವನು ಮತ್ತೊಮ್ಮೆ ಗಾಳ ಹಿಡಿದದ್ದನ್ನು ನೋಡಿದರೆ ನನಗೆ ನೆಟ್ಟಗೆ ನಿದ್ದೆ ಬರುತ್ತದೆ ಎಂದು ಹೇಗೋ ತಲೆಯಲ್ಲಿ ಕೂತುಬಿಟ್ಟಿತ್ತು.

ಹೊಳೆಯ ದಂಡೆಗಂತೂ ಅವನು ಬರುವವನಲ್ಲ. ಅದಕ್ಕೇ ಸಮುದ್ರ. ದೀಪಾವಳಿ ರಜೆಯಲ್ಲಿ ವೆಂಗುರ್ಲೆ ಕಡೆ ಹೋಗೋಣ ಎಂದು ನಮ್ಮ ಮನೆಯವರು ಅಂದಾಗ, ಅಣ್ಣನೂ ಬರಲಿ ಎಂದು ಹಟ ಹಿಡಿದೆ. ಊರಿನಲ್ಲಿ ಅವನ ಹೆಂಡತಿ, ನಮ್ಮ ವೈನಿ, ಅವನ ಚೀಲ ತುಂಬಿ ಕೊಟ್ಟು ಹೊರಗೆ ದಬ್ಬಿದಳು. ಆಂಬೋಲಿ ಘಾಟ್ ಇಳಿಯುವಾಗ ಅಣ್ಣ ಕಿಟಕಿಯಿಂದ ತಲೆ ತೆಗೆಯಲಿಲ್ಲ. ನಾನು ಡಬ್ಬಿ ಬಿಡಲಿಲ್ಲ.

ಗುಟ್ಟು ಬಯಲಾದದ್ದು ಮೊದಲ ದಿನದ ಮಧ್ಯಾಹ್ನವೇ. ಲಾಜಿನಲ್ಲಿ ಊಟಕ್ಕೆ ಕೂತಿದ್ದೆವು. ಸಾರು ಸಪ್ಪೆ ಎಂದು ನಮ್ಮ ಮನೆಯವರು ನನ್ನ ಚೀಲಕ್ಕೆ ಕೈ ಹಾಕಿ ಉಪ್ಪಿನಕಾಯಿ ಡಬ್ಬಿ ತೆಗೆದರು. ಮುಚ್ಚಳ ಬಿಚ್ಚಿದವರು ಹಾಗೇ ಕುರ್ಚಿಯಿಂದ ಎದ್ದು ನಿಂತರು. ಅಣ್ಣ ಬಗ್ಗಿ ನೋಡಿದ. ಎಡಗೈಯ ಬೆರಳಿನಿಂದ ಮಣ್ಣು ಕೆದಕಿದ, ಮೂಸಿ ನೋಡಿದ.

"ಇದು ನಮ್ಮ ಕೆಳಗಿನ ಹೊಲದ ಮಣ್ಣ," ಅಂದ. "ಹೊಲಾ ಹೊತಗೊಂಡ ಸಮುದ್ರಕ್ಕ ಬಂದೀ ಏನ ಬೇ? ಯಾರ ಸಲುವಾಗಿ?"

ನಾನು ಡಬ್ಬಿಗೆ ಮುಚ್ಚಳ ಹಾಕಿದೆ. ಅವನು ಉತ್ತರಕ್ಕೆ ಕಾಯದೆ ಕೈ ತೊಳೆದುಕೊಂಡು ಮರಳಿನ ಕಡೆ ಹೋದ.

ಆದರೂ ನಾನು ಬಿಡುವವಳಲ್ಲ. ಗಾಳ ಹಾಕುವುದನ್ನು ತೋರಿಸುವವರು ಯಾರಿದ್ದಾರೆ ಎಂದು ಲಾಜಿನ ಮಾಲೀಕನನ್ನು ಕೇಳಿದೆ. ಅವನು ನನ್ನನ್ನು ದೋಣಿಗಳು ನಿಲ್ಲುವ ಧಕ್ಕೆಗೆ ಕಳಿಸಿದ. ಧಕ್ಕೆಯಲ್ಲಿ ಬಲೆ ಹೆಣೆಯುತ್ತಿದ್ದವರು ನಕ್ಕರು. ಗಾಳ ಅಂದರೆ ಕೆಲಸವಿಲ್ಲದವರ ಆಟ ಬಾಯಿ, ನಮಗೆಲ್ಲಿ ಪುರಸತ್ತು ಎಂದರು. ಕೊನೆಗೆ ಒಬ್ಬ ಸಿಕ್ಕ. ಕರಿ ಕನ್ನಡಕ, ಹೊಳೆಯುವ ಅಂಗಿ, ಪುಣೆ ಮುಂಬೈ ಜನರನ್ನು ದೋಣಿಯಲ್ಲಿ ಒಯ್ಯುತ್ತೇನೆ ಎಂದ. ಸಂಜೆ ಅಣ್ಣನನ್ನು ಹೇಗೋ ಪುಸಲಾಯಿಸಿ ಅಲ್ಲಿಗೆ ಕರೆತಂದೆ. ಆ ಮನುಷ್ಯ ಟಾವೆಲಿನ ಕಡೆ ನೋಡಿದ, ಟಾವೆಲಿನಿಂದ ಹೊರಗೆ ಬಂದ ಕೈ ನೋಡಿದ. "ಏನೂ ಕಾಳಜಿ ಮಾಡಬ್ಯಾಡ್ರಿ," ಅಂದ ಮರಾಠಿಯಲ್ಲಿ, "ಮೀನ ನಾ ಹಿಡೀತೇನಿ. ಸಾಹೇಬ್ರು ಸುಮ್ಮ ಹಿಡಕೊಂಡ ನಿಂದರಲಿ, ಫೋಟೋ ಚಲೋ ಬರತೈತಿ."

ಅಣ್ಣ ಅವನಿಗೆ ಕೈಮುಗಿದ. ಒಂದು ಪೂರ್ತಿ ಕೈ, ಒಂದು ಅರ್ಧ ಕೈ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ, "ನಿಮ್ಮ ಜೋಡಿ ಬಂದೇನಿ, ಸಮುದ್ರಾ ನೋಡತೇನಿ, ಅಷ್ಟ. ನನ್ನ ಬಿಡು ತಂಗಿ." ಅವನು ಸಿಟ್ಟು ಮಾಡಿಕೊಂಡಿದ್ದರೆ ನಾನೂ ಜಗಳ ತೆಗೆಯುತ್ತಿದ್ದೆ. ಸಿಟ್ಟಿರಲಿಲ್ಲ, ದಣಿವಿತ್ತು. ನನ್ನ ಬಾಯಿಗಿಷ್ಟು ಮಣ್ಣು ಹಾಕಲಿ, ಯಾಕಾದರೂ ಕರೆತಂದೆನೋ ಅನಿಸಿತು.

ಮರುದಿನ ಬೆಳಿಗ್ಗೆ ಇಬ್ಬರೂ ಏಳುವ ಮೊದಲೇ ನಾನು ಮೀನು ಪೇಟೆಯಲ್ಲಿದ್ದೆ. ಲಾಜಿನಲ್ಲಿ ಕೂರಲು ಆಗದೆ ಹೋದದ್ದು, ಬೇರೇನೂ ಉದ್ದೇಶವಿರಲಿಲ್ಲ. ಸಾಲಾಗಿ ಬುಟ್ಟಿ ಇಟ್ಟುಕೊಂಡು ಹೆಂಗಸರು ಕೂತಿದ್ದರು. ಒಂದು ಬುಟ್ಟಿಯಲ್ಲಿ ಬೆಳ್ಳಿ ಬಣ್ಣದ ಮೀನುಗಳ ನಡುವೆ ಎರಡು ಕೆಂಪು ಮೀನು. ಹುರುಪೆ ಒಂದೂ ಕಿತ್ತಿರಲಿಲ್ಲ. ಕೈ ತಾನಾಗಿ ಹೋಯಿತು. ತುಟಿ ಎತ್ತಿ ನೋಡಿದೆ. ಮೂಲೆಯಲ್ಲಿ ಸಣ್ಣಗೆ ಹರಿದಿತ್ತು. ಇನ್ನೊಂದರದೂ ಹಾಗೇ.

ಮೀನಿನವಳು ಬೈಯಲು ಬಾಯಿ ತೆರೆದಳು. ಅವಳಿಗಿಂತ ಮೊದಲೇ ನನ್ನ ನಿಪ್ಪಾಣಿ ಮರಾಠಿಯಲ್ಲಿ ಕೇಳಿದೆ, ಇದು ಬಲೆಯ ಮೀನಲ್ಲ, ಯಾರ ಗಾಳದ್ದು? ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಘಟ್ಟದ ಮೇಲಿನವಳಿಗೆ ಇದು ಹೇಗೆ ಗೊತ್ತಾಯಿತು ಎಂಬ ನೋಟ. ನಮ್ಮಣ್ಣ ಕಲಿಸಿದ್ದು ಎಂದೆ, ಹೆಮ್ಮೆಯಿಂದಲೇ ಎಂದೆ. ಊರಾಚೆ ನದಿ ಸಮುದ್ರಕ್ಕೆ ಸೇರುವ ಅಳಿವೆಯ ಬಂಡೆಯ ಮೇಲೆ ಒಬ್ಬ ಮುದುಕ ಕೂತಿರುತ್ತಾನೆ, ಮೊಣಕಾಲು ಹೋದ ಮೇಲೆ ದೋಣಿ ಬಿಟ್ಟವನು, ಯಾರ ಜೊತೆಗೂ ಮಾತಾಡುವುದಿಲ್ಲ, ಹೋಗಿ ಬೈಸಿಕೊಂಡು ಬಾ ಎಂದು ದಾರಿ ತೋರಿಸಿದಳು.

ಮುದುಕ ಇದ್ದ. ಬಂಡೆಯ ಮೇಲೆ ಕಾಲು ಚಾಚಿ, ಬೆನ್ನಿಗೆ ಕಲ್ಲು ಕೊಟ್ಟು, ಅರ್ಧ ಕಣ್ಣು ಮುಚ್ಚಿ ಕೂತಿದ್ದ. ಕೋಲಿಲ್ಲ, ಏನಿಲ್ಲ. ನೀರಿನಿಂದ ಬಂದ ತಂಗೂಸಿನ ದಾರ ಅವನ ಕಾಲಿನ ಹೆಬ್ಬೆರಳಿಗೆ ಒಂದು ಸುತ್ತು ಸುತ್ತಿತ್ತು. ಕೈಗಳು ಹೊಟ್ಟೆಯ ಮೇಲೆ ಆರಾಮಾಗಿದ್ದವು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವನ ಮಾಲವಣಿ ಮರಾಠಿ ನನಗೆ ಅರ್ಧ ಹತ್ತಿತು, ಅರ್ಧ ಅವನ ಹುಬ್ಬಿನಿಂದ ತಿಳಿದುಕೊಂಡೆ. ಇಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

"ನಾ ಯಾರಿಗೂ ಕಲಸಂಗಿಲ್ಲ," ಅಂದ.

"ಅಜ್ಜಾ, ಅವಗ ಕಲಸೂದು ಬೇಕಾಗಿಲ್ಲ. ಅವಗ ಎಲ್ಲಾ ಬರತೈತಿ. ಕೈಯಾಗ ಬೆರಳಿಲ್ಲ, ಅಷ್ಟ."

ಮುದುಕ ಮೊದಲ ಸಲ ಕಣ್ಣು ಪೂರ್ತಿ ತೆರೆದ. "ಕಾಲಾಗಿನವು ಅದಾವಿಲ್ಲೋ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದಾವ ಅಂದೆ. ಯಾವ ಊರು ಎಂದು ಕೇಳಿದ. ನಿಪ್ಪಾಣಿ ಎಂದ ಕೂಡಲೇ ಅವನ ಮುಖ ಬದಲಾಯಿತು. ನಿಪ್ಪಾಣಿ ತಂಬಾಕು ತಿನ್ನದೆ ಎಷ್ಟು ದಿನವಾಯಿತೋ ಎಂದ. ನಮ್ಮ ಮನೆಯವರ ಚೀಲದ ತಳದಲ್ಲಿ ಗೋದಾಮಿನ ಎಲೆಯ ಒಂದು ಪುಡಿಕೆ ಸದಾ ಇರುತ್ತದೆ. ಅದು ನಿಮ್ಮದೇ ಎಂದು ಅವರನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟೆ. ಹೊತ್ತು ಗೊತ್ತುಮಾಡಿಕೊಂಡೆವು. ಇವತ್ತಿನ ಹೊತ್ತಿಗಲ್ಲ, ನಾಳೆ ಭರತಿ, ಅಂದರೆ ಉಬ್ಬರ, ಮುಕ್ಕಾಲು ತಾಸು ತಡವಾಗಿ ಬರುತ್ತದೆ, ಆಗ ಬಾ ಎಂದ. ನಮ್ಮ ಕಡೆ ಕಾಲುವೆ ನೀರಿಗೆ ಪಾಳಿ ಇದ್ದ ಹಾಗೆ ಅನ್ನಿ. ಹೊರಡುವಾಗ ಬೆನ್ನಿಗೆ ಹೇಳಿದ, "ಮತ್ತ ನೀ ಬಂದ್ರ ಬಾಯಿ ಮುಚ್ಚಕೊಂಡ ಕೂಡಬೇಕ."

ಅಣ್ಣನನ್ನು ಅಲ್ಲಿಗೆ ಹೇಗೆ ಒಯ್ಯುವುದು? ಗಾಳ ಅಂದರೆ ಬರುವವನಲ್ಲ. ಮೂರನೆಯ ದಿನ ಡಬ್ಬಿಯನ್ನು ಅವನ ಮುಂದಿಟ್ಟೆ. "ಹುಳ ಸಾಯಾಕತ್ತಾವ. ಅಳಿವ್ಯಾಗ ಒಬ್ಬ ಅಜ್ಜ ಗಾಳ ಹಾಕತಾನ. ಅವಗ ಕೊಟ್ಟ ಬಾ." ಹೊಲದ ಮನುಷ್ಯ, ಸುಮ್ಮನೆ ಸಾಯಲು ಬಿಡಲಾರ. ನನ್ನ ಕಳ್ಳಾಟ ಅವನಿಗೆ ಗೊತ್ತಾಗಿರಲೇಬೇಕು. ಆದರೂ ಡಬ್ಬಿ ಬಗಲಲ್ಲಿಟ್ಟುಕೊಂಡು ಹೊರಟ. ನಾನು ಹಿಂದೆ ಹಿಂದೆ. ನಮ್ಮ ಮನೆಯವರು ತಂಬಾಕು ಹೋದ ದುಃಖದಲ್ಲಿ ಲಾಜಿನಲ್ಲೇ ಉಳಿದರು.

ಮುದುಕ ಡಬ್ಬಿ ತೆರೆದು ನೋಡಿದ. ಮಾತಿಲ್ಲದೆ ಒಂದು ಹುಳ ಎತ್ತಿ ಬಂಡೆಯ ಕುಳಿಯಲ್ಲಿ ನಿಂತಿದ್ದ ಉಪ್ಪುನೀರಿಗೆ ಬಿಟ್ಟ. ಹುಳ ಒಮ್ಮೆ ಸುರುಳಿಯಾಗಿ, ಬೆಳ್ಳಗಾಗಿ, ಸೊರಗಿಹೋಯಿತು. ಅಣ್ಣ ನನ್ನ ಕಡೆ ನೋಡಿದ. ನೂರಕ್ಕೂ ಮಿಕ್ಕಿ ಕಿಲೋಮೀಟರು ತೊಡೆಯ ಮೇಲಿಟ್ಟು ಜೋಪಾನ ಮಾಡಿದ ಹುಳ. ಅವನ ಹೊಟ್ಟೆಯೊಳಗಿಂದ ನಗು ಬಂತು. ಟಾವೆಲು ಜಾರುವಷ್ಟು ನಕ್ಕ. "ಹೊಳಿ ಬುದ್ಧಿ," ಅಂದ ಮುದುಕನಿಗೆ, ಮರಾಠಿಯಲ್ಲಿ, "ನಂದೂ ಅಷ್ಟ, ನಾನೂ ಹಿಂಗ ತರತಿದ್ದೆ." ಮುದುಕನೂ ನಕ್ಕ. ಅವನಿಗೆ ಹಲ್ಲು ಮೂರೇ ಇದ್ದವು.

ಆಮೇಲೆ ಮುದುಕ ತನ್ನ ಬುಟ್ಟಿಯಿಂದ ಒಂದು ಸೀಗಡಿ ತೆಗೆದು ಗಾಳಕ್ಕೆ ಸಿಕ್ಕಿಸಿದ, ಸೀಸದ ಗುಂಡು ತಿರುಗಿಸಿ ದೂರ ಎಸೆದ. ಅಣ್ಣನ ಬಲಗಾಲು ಹಿಡಿದು ಎಳೆದ. ಹಿರಿಯ ಮನುಷ್ಯ ತನ್ನ ಕಾಲು ಮುಟ್ಟಿದ್ದಕ್ಕೆ ಅಣ್ಣ ಗಾಬರಿಯಾಗಿ ಹಿಂದೆ ಸರಿದ. ಮುದುಕ ಬಿಡಲಿಲ್ಲ. ಹೆಬ್ಬೆರಳಿಗೆ ದಾರ ಒಂದು ಸುತ್ತು ಹಾಕಿದ.

"ಗಂಟ ಹಾಕಬಾರದು. ದೊಡ್ಡದು ಬಂದ್ರ ಬೆರಳ ಒಯ್ತೈತಿ. ನಿನ್ನ ಹತ್ರ ಕಳಕೊಳ್ಳಾಕ ಬಾಳ ಉಳದಿಲ್ಲ."

ಹನ್ನೆರಡು ವರ್ಷದಲ್ಲಿ ಯಾರೂ ಅಣ್ಣನ ಎದುರಿಗೆ ಹೀಗೆ ಮಾತಾಡಿರಲಿಲ್ಲ. ಅಣ್ಣ ತಲೆಯಾಡಿಸಿದ, ಹೌದ್ರಿ ಎಂದ. ಎಡಗೈಯಿಂದ ದಾರ ಎಳೆಯುವುದು, ಎಳೆದದ್ದನ್ನು ಬಲಗೈಯ ಹೆಬ್ಬೆರಳಿನಿಂದ ಅಂಗೈಗೆ ಒತ್ತಿ ಹಿಡಿಯುವುದು, ಮತ್ತೆ ಎಡಗೈ ಮುಂದೆ ಚಾಚುವುದು. ಮುದುಕ ಎರಡು ಸಲ ಮಾಡಿಸಿದ. ಮೂರನೆಯ ಸಲ ನೋಡಲೂ ಇಲ್ಲ, ತಂಬಾಕು ತಿಕ್ಕುತ್ತ ಕೂತ.

ನಾನು ಹತ್ತು ಮಾರು ಹಿಂದೆ ಕೂತಿದ್ದೆ. ಕೂತಿದ್ದೆ ಅನ್ನುವುದು ಸುಳ್ಳು. ಎದ್ದೆ, ಕೂತೆ, ಸೆರಗು ಹಿಂಡಿದೆ, ಚಿಪ್ಪು ಆರಿಸಿದೆ, ಎಸೆದೆ. ನೀರು ಬಂಡೆಯ ಬುಡಕ್ಕೆ ಏರುತ್ತ ಬಂತು. ಅರ್ಧ ತಾಸಾಯಿತು, ಮುಕ್ಕಾಲಾಯಿತು. ಅಣ್ಣ ಮಾತ್ರ ಅಲುಗಲಿಲ್ಲ. ಬೆನ್ನು ನೆಟ್ಟಗಿತ್ತು. ಗಾಣದ ಮುಂದೆ ನಿಂತಾಗ ಹೇಗಿತ್ತೋ ಹಾಗೇ. ಅದೇ ಬೆನ್ನು ನೋಡುತ್ತ ನನಗೆ ಎದ್ದು ಓಡಿಹೋಗಬೇಕು ಅನಿಸಿತು, ಓಡಲಿಲ್ಲ.

ದಾರ ಬಿಗಿಯಾದದ್ದು ನನಗೆ ಮೊದಲು ಕಂಡಿತು. ಕಾಲಿನ ಹೆಬ್ಬೆರಳು ಒಮ್ಮೆ ಮುಂದಕ್ಕೆ ಬಾಗಿತು, ಮತ್ತೊಮ್ಮೆ ಜಗ್ಗಿತು. ಬಾಯಿ ಮುಚ್ಚಿಕೊಂಡು ಕೂಡು ಎಂದ ಮುದುಕನ ಮಾತು ಮಣ್ಣುಪಾಲು. ಬಾಯಿಂದ ಹೊರಟೇಹೋಯಿತು.

"ಅಣ್ಣಾ, ಬಿತ್ತು."

ಕೂಗಿದ ಮೇಲೆ ತಿಳಿಯಿತು ಏನು ಕೂಗಿದೆ ಎಂದು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಮುದುಕ ನನ್ನ ಕಡೆ ಕೆಂಗಣ್ಣು ಬಿಟ್ಟ. ಅಣ್ಣ ತಿರುಗಲಿಲ್ಲ. ಎಡಗೈ ದಾರ ಎಳೆಯಿತು, ಹೆಬ್ಬೆರಳು ಒತ್ತಿ ಹಿಡಿಯಿತು, ಎಡಗೈ ಮತ್ತೆ ಮುಂದೆ ಹೋಯಿತು. ಒಮ್ಮೆ ದಾರ ಸರ್ರನೆ ವಾಪಸು ಓಡಿತು. ಬಿಟ್ಟ, ಮತ್ತೆ ಹಿಡಿದ. ಟಾವೆಲು ನೀರಿಗೆ ಬಿದ್ದು ಹೋಯಿತು, ಅದನ್ನೂ ನೋಡಲಿಲ್ಲ. ಕೊನೆಗೆ ಬಂಡೆಯ ಮೇಲೆ ಒಂದು ಕೆಂಪು ಮೀನು ಬಂದು ಬಿದ್ದು ಪಟಪಟ ಬಡಿದುಕೊಂಡಿತು. ಪೇಟೆಯಲ್ಲಿ ನಾನು ತುಟಿ ಎತ್ತಿ ನೋಡಿದ ಜಾತಿಯದೇ. ತಾಂಬೋಶಿ ಎಂದು ಅದರ ಹೆಸರು ಹೇಳಿದ ಮುದುಕ. ಹೊಗಳಲಿಲ್ಲ. ನಾಳೆ ಇನ್ನೂ ಮುಕ್ಕಾಲು ತಾಸು ತಡಮಾಡಿ ಬಾ ಎಂದಷ್ಟೇ ಅಣ್ಣನಿಗೆ ಹೇಳಿದ.

ವಾಪಸು ಬರುವಾಗ ಅಣ್ಣ ಮುಂದೆ, ನಾನು ಹಿಂದೆ. ಟಾವೆಲು ಇರಲಿಲ್ಲ. ಮೀನಿನ ಕಿವಿರಿನೊಳಗೆ ಬಲಗೈಯ ಹೆಬ್ಬೆರಳು ತೂರಿಸಿ ಹಿಡಿದಿದ್ದ, ಎದುರಿಗೆ ಬಂದವರೆಲ್ಲ ಮೀನನ್ನೂ ಕೈಯನ್ನೂ ನೋಡುತ್ತಿದ್ದರು. ಅವನು ಮುಚ್ಚಿಕೊಳ್ಳಲಿಲ್ಲ. ತೆಂಗಿನ ತೋಪಿನ ಹತ್ತಿರ ನಡಿಗೆ ನಿಧಾನ ಮಾಡಿ, ನಾನು ಜೊತೆಗೂಡುವವರೆಗೆ ಕಾದ.

"ಈ ಸಲ ನಾ ತಿರಗಲಿಲ್ಲ ನೋಡು," ಅಂದ.

ನನ್ನ ಕಾಲು ಅಲ್ಲೇ ನಿಂತವು. ಆ ಗಾಣದ ದಿನದಿಂದ ನಿಲ್ಲದವು ನಿಂತವು. ಕೇಳಿಸಿತ್ತು ಅವನಿಗೆ. ಹನ್ನೆರಡು ವರ್ಷ ಊರಿಗೆಲ್ಲ ಜೋಂಪ ಹತ್ತಿತ್ತು ಎಂದು ಸುಳ್ಳು ಹೇಳಿಕೊಂಡು ಬಂದಿದ್ದ, ಅವ್ವನಿಗೂ, ವೈನಿಗೂ, ನನಗೂ. ನಾನು ಏನಾದರೂ ಹೇಳಬೇಕಿತ್ತು. ಅಳು ಮಾತ್ರ ಬಂತು.

ನನ್ನ ಅಳು ಮುಗಿದ ಮೇಲೆ ಅವನು ಕೇಳಿದ, "ಅವತ್ತಿನ ಮೀನ ಏನ ಮಾಡಿದಿ?"

"ಸಿಪ್ಪಿ ರಾಶ್ಯಾಗ ಹೂತೆ."

"ಹಾಳ ಮಾಡಿದಿ," ಅಂದ ಅಣ್ಣ. "ಚಲೋ ದೊಡ್ಡದಿತ್ತು."